ತಿಮ್ಮಣ್ಣನಿಗೆ ಮಲ್ಪೆಯಲ್ಲಿ ಮಣ್ಣು ಕೊಟ್ಟದ್ದು

ಮಲ್ಪೆ ಬಂದರಿನ ಹೆಗ್ಗಳಿಕೆ ಹೇಳಲು ಕೂತರೆ ಉಡುಪಿಯವರಿಗೆ ಬಾಯಿ ನೋಯುವುದೇ ಇಲ್ಲ. ದ್ವಾರಕೆಯಿಂದ ಹೊರಟ ಹಡಗಿನಲ್ಲಿ ಗೋಪಿಚಂದನದ ಗಡ್ಡೆಯೊಳಗೆ ಅಡಗಿ ಕೃಷ್ಣ ಬಂದಿಳಿದದ್ದು ಇಲ್ಲೇ ಎನ್ನುತ್ತಾರೆ. ಆಮೇಲೆ ಅರಬರಂತೆ, ಪೋರ್ಚುಗೀಸರಂತೆ, ಹಂಚಿನ ಕಾರ್ಖಾನೆ ಹಾಕಿದ ಜರ್ಮನ್ ಪಾದ್ರಿಗಳಂತೆ. ಇಲ್ಲಿಂದ ಅಕ್ಕಿ ಹೋಯಿತು, ಹಂಚು ಹೋಯಿತು, ಹಾಯಿ ಕಟ್ಟಿದ ಮಂಜಿಗಳ ಕಾಲ ಮುಗಿದು ಡೀಸೆಲ್ ಬೋಟುಗಳ ಕಾಲ ಬಂತು. ಕಡಲಿನಿಂದ ಬಂದವರನ್ನೆಲ್ಲ ಈ ಊರು ಕೈಹಿಡಿದು ಇಳಿಸಿಕೊಂಡಿತು. ಘಟ್ಟ ಇಳಿದು ಬಂದವರ ಕಥೆ ಬೇರೆ. ಅವರನ್ನು ಕರೆದದ್ದು ಬುಟ್ಟಿ ಹೊರುವುದಕ್ಕೆ.

ಯಂಕವ್ವ ಬಾದಾಮಿ ಕಡೆಯಿಂದ ಗಂಡ ತಿಮ್ಮಣ್ಣನ ಜೊತೆ ಬಂದದ್ದು ಎಂಬತ್ತೈದರಲ್ಲಿ. ರಸ್ತೆ ಕೆಲಸಕ್ಕೆಂದು ಬಂದವರು, ಕೆಲಸ ಮುಗಿದ ಮೇಲೆ ಬಂದರಿನಲ್ಲಿ ಉಳಿದುಕೊಂಡರು. ಮೊದಲ ಸಲ ಕಡಲು ಕಂಡಾಗ ಅವಳಿಗೆ ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು.

"ಇಷ್ಟು ನೀರು ಐತಿ, ಒಂದು ತಂಬಿಗಿ ಕುಡಿಯಾಕ ಬರಂಗಿಲ್ಲ ಅಂದ್ರ ಏನು ಉಪಯೋಗ?" ಎಂದು ಗಂಡನನ್ನೇ ಬೈದಿದ್ದಳು, ಕಡಲು ಅವನೇ ಮಾಡಿಟ್ಟದ್ದು ಎಂಬಂತೆ.

ತಿಮ್ಮಣ್ಣ ಐಸ್ ಪ್ಲಾಂಟಿನಲ್ಲಿ ಐಸು ಒಡೆದ. ಯಂಕವ್ವ ಬೋಟಿನಿಂದ ಏಲಂ ನಡೆಯುವ ಕಟ್ಟೆಯವರೆಗೆ ಮೀನಿನ ಬುಟ್ಟಿ ಹೊತ್ತಳು. ಮೀನು ಮಾರುವ ಅಕ್ಕು ಅವಳಿಗೆ ಬಂಗುಡೆ ಯಾವುದು, ಬೂತಾಯಿ ಯಾವುದು ಎಂದು ಕಲಿಸಿದಳು. ತುಳುವಿನಲ್ಲಿ ಬೈಯುವುದನ್ನೂ ಕಲಿಸಿದಳು. ಮೀನಿನ ಸಾರು ಉಣ್ಣುವ ಅಭ್ಯಾಸ ಆಯಿತು. ಊರಿಗೆ ಹೋದಾಗ ನೆಂಟರು ಮೂಗು ಮುಚ್ಚಿಕೊಂಡರು. ಹದಿನಾರು ವರ್ಷ ಕಳೆದರೂ ಬಂದರಿನಲ್ಲಿ ಅವಳ ಹೆಸರು ಮಾತ್ರ 'ಘಟ್ಟದವಳು' ಎಂದೇ ಉಳಿಯಿತು. ಅಲ್ಲಿ ಮೀನಿನವಳು, ಇಲ್ಲಿ ಘಟ್ಟದವಳು. ಎರಡೂ ಕಡೆ ಹೊರಗಿನವಳಾಗುವುದಕ್ಕೆ ಎಷ್ಟು ದುಡಿಯಬೇಕು ನೋಡಿ.

ಎರಡು ಸಾವಿರದ ಒಂದನೇ ಇಸವಿಯ ಮೇ ತಿಂಗಳಲ್ಲಿ ತಿಮ್ಮಣ್ಣನಿಗೆ ಜ್ವರ ಬಂತು. ಬರೀ ಜ್ವರ ಎಂದು ನಾಲ್ಕು ದಿನ ಐಸು ಒಡೆದ. ಐದನೇ ದಿನ ಕಣ್ಣು ಹಳದಿಯಾಯಿತು. ಮಣಿಪಾಲದ ಆಸ್ಪತ್ರೆಗೆ ಒಯ್ಯುವಾಗಲೇ ತಡವಾಗಿತ್ತು, ಉಳಿಯಲಿಲ್ಲ.

ಅಳುವುದಕ್ಕೂ ಯಂಕವ್ವನಿಗೆ ಪುರುಸೊತ್ತು ಸಿಗಲಿಲ್ಲ. ಅವರ ಮನೆತನದಲ್ಲಿ ಹೆಣ ಸುಡುವುದಿಲ್ಲ. ಮಣ್ಣು ಕೊಡುತ್ತಾರೆ, ತಲೆಯ ಕಡೆ ಕಲ್ಲು ನಿಲ್ಲಿಸುತ್ತಾರೆ, ಮಹಾನವಮಿ ಅಮಾವಾಸ್ಯೆಗೆ ಅಲ್ಲಿಗೇ ಹೋಗಿ ಎಡೆ ಇಡುತ್ತಾರೆ. ಸುಟ್ಟರೆ ಎಡೆ ಇಡುವುದು ಯಾವುದರ ಮುಂದೆ? ಬಾದಾಮಿಗೆ ಒಯ್ಯೋಣವೆಂದರೆ ಆ ಬಿಸಿಲಿನಲ್ಲಿ ಒಂದು ಹಗಲಿನ ದಾರಿ. ಹೆಣ ಎಂದ ಕೂಡಲೇ ಬಾಡಿಗೆ ಗಾಡಿಯವರು ಫೋನು ಇಟ್ಟರು. ಸ್ಮಶಾನದವರು, "ಇಲ್ಲಿ ಸುಡುವುದು ಮಾತ್ರ" ಎಂದರು. ಕ್ರೈಸ್ತರು ಹೂಳುತ್ತಾರಲ್ಲ ಎಂದು ಅವಳು ಅವರ ಇಗರ್ಜಿಯವರೆಗೂ ಹೋದಳು. ಗೇಟಿನ ಬಳಿ ಸಿಕ್ಕಿದ ಜೋಕಿಮ್ ಎಂಬ ಮುದುಕರು ಅವಳನ್ನು ಕೂರಿಸಿ ನೀರು ಕೊಟ್ಟು, "ನಮ್ಮದರಲ್ಲಿ ನಮ್ಮವರಿಗೇ ಜಾಗ ಸಾಲುವುದಿಲ್ಲಮ್ಮ" ಎಂದರು. ನೀರು ಕೊಟ್ಟವರು ಆ ದಿನ ಅವರೊಬ್ಬರೇ.

ಕೊನೆಗೆ ದಾರಿ ತೋರಿಸಿದ್ದು ಬೋಟಿನ ಮಾಲಕ ಭುಜಂಗ. ಅವರ ಬೋಟಿನ ಮೀನನ್ನು ಯಂಕವ್ವ ಹನ್ನೆರಡು ವರ್ಷ ಹೊತ್ತಿದ್ದಳು.

"ನೋಡು ಯಂಕವ್ವ, ಬೀಚಿನಲ್ಲಿ ಉತ್ತರಕ್ಕೆ ಹೋದರೆ ಗಾಳಿಮರ ಉಂಟಲ್ವಾ, ಅದರ ಬುಡದಲ್ಲಿ ಮಾಡಿ. ಯಾರೂ ಎಂತ ಹೇಳುವುದಿಲ್ಲ. ನಾನು ಎಲ್ಲರ ಹತ್ತಿರ ಮಾತಾಡಿದ್ದೇನೆ."

ಯಂಕವ್ವ ಅವರ ಕಾಲು ಮುಟ್ಟಿದಳು. ಬಂದರಿನಲ್ಲಿದ್ದ ಅವಳ ಕಡೆಯ ಗಂಡಸರು ಗುಂಡಿ ತೋಡಿದರು. ಮರಳು ಹಗುರವಾಗಿ ಬಂತು. ಊರಿನ ಎರೆಮಣ್ಣಿನ ಹಾಗೆ ಗುದ್ದಲಿಗೆ ಅಂಟಲಿಲ್ಲ. ಅಕ್ಕು ಶಂಕರಪುರದ ಮಲ್ಲಿಗೆಯ ಒಂದು ಚೆಂಡು ತಂದು ಹೆಣದ ಮೇಲೆ ಇಟ್ಟಳು. ಏನೋ ಹೇಳಲು ಬಾಯಿ ತೆರೆದವಳು ಸೆರಗು ಬಾಯಿಗೊತ್ತಿಕೊಂಡು ಹಿಂದೆ ಸರಿದಳು. ದುಃಖ ಇರಬೇಕು ಎಂದುಕೊಂಡಳು ಯಂಕವ್ವ.

ಆ ಮೇಲಿನ ಒಂದು ತಿಂಗಳು ಅವಳಿಗೆ ಒಂದು ಬಗೆಯ ನೆಮ್ಮದಿಯಿತ್ತು. ಇಷ್ಟು ವರ್ಷಕ್ಕೆ ಈ ಊರಿನಲ್ಲಿ ತನ್ನವರಿಗೆಂದು ಆರಡಿ ನೆಲ ಸಿಕ್ಕಿತಲ್ಲ! ಸಂಜೆ ಹೋಗಿ ಕಲ್ಲಿಗೆ ಕುಂಕುಮ ಹಚ್ಚಿ ಬರುತ್ತಿದ್ದಳು. ಕಡಲು ಅಲ್ಲಿಗೆ ನೂರು ಹೆಜ್ಜೆ ದೂರ, ಬೇಸಿಗೆಯ ಕಡಲು, ಸಾಧು ಎಮ್ಮೆಯ ಹಾಗೆ ಮಲಗಿತ್ತು. ಬಯಲುಸೀಮೆಯಲ್ಲಿ ಹುಟ್ಟಿದವಳು, ನೆಲ ಎಂದರೆ ಇದ್ದಲ್ಲೇ ಇರುವುದು ಎಂದು ನಂಬಿದವಳು. ಮಳೆಗಾಲದಲ್ಲಿ ಬೋಟುಗಳು ನಿಂತು ಕೆಲಸವಿರುವುದಿಲ್ಲವಾದ್ದರಿಂದ ಗಂಡಹೆಂಡಿರು ಪ್ರತಿ ವರ್ಷ ಜೂನ್ ಬರುವ ಮೊದಲೇ ಊರಿಗೆ ಹೋಗಿಬಿಡುತ್ತಿದ್ದರು. ಹಾಗಾಗಿ ಇಲ್ಲಿಯ ಮಳೆಗಾಲದ ಕಡಲನ್ನು ಅವಳು ಕಂಡೇ ಇರಲಿಲ್ಲ. ಈ ವರ್ಷ ಮಾತ್ರ, ಗಂಡನನ್ನು ಒಬ್ಬನನ್ನೇ ಬಿಟ್ಟು ಹೇಗೆ ಹೋಗುವುದೆಂದು ಉಳಿದಳು.

ಜೂನ್ ಕೊನೆಗೆ ನೂರು ಹೆಜ್ಜೆ ನಲವತ್ತಾಯಿತು, ಜುಲೈ ಮೊದಲ ವಾರದಲ್ಲಿ ಹತ್ತು. ಯಂಕವ್ವ ಮೀನಿನ ಬುಟ್ಟಿಯಲ್ಲಿ ಕಲ್ಲು ಹೊತ್ತು ತಂದು ಸಮಾಧಿಯ ಮುಂದೆ ಸುರಿದಳು. ಎರಡು ದಿನ, ಜಡಿಮಳೆಯಲ್ಲಿ, ಒಬ್ಬಳೇ. ಮೂರನೇ ದಿನ ಬೆಳಿಗ್ಗೆ ಹೋದಾಗ ಕಲ್ಲೂ ಇರಲಿಲ್ಲ, ಮೂರು ಗಾಳಿಮರಗಳು ಬೇರು ಮೇಲೆ ಮಾಡಿ ಬಿದ್ದಿದ್ದವು, ತಿಮ್ಮಣ್ಣ ಮಲಗಿದ್ದ ಜಾಗದಲ್ಲಿ ಕೆಂಪು ನೀರು ಬಂದು ಹೋಗುತ್ತಿತ್ತು. ಅವಳು ಮೊಣಕಾಲು ನೀರಿಗೆ ಇಳಿದು ಕೈಯಾಡಿಸಿ ಹುಡುಕಿದಳು. ದಾರಿಹೋಕರು ಯಾರೋ ರಟ್ಟೆ ಹಿಡಿದು ಎಳೆದು ತಂದರು.

ಒದ್ದೆ ಸೀರೆಯಲ್ಲೇ ಭುಜಂಗರ ಶೆಡ್ಡಿಗೆ ಹೋದಳು. ಅವರು ಬಲೆ ದುರಸ್ತಿ ಮಾಡಿಸುತ್ತಿದ್ದರು.

"ಸಾವ್ಕಾರ್ರ, ಸಮುದ್ರ ಬಂದು ನಮ್ಮವರ್ನ ತಗೊಂಡು ಹೋತ್ರಿ."

"ಛೆ, ಈ ವರ್ಷ ಬೇಗ ಬಂತು," ಎಂದರು ಭುಜಂಗ.

ಯಂಕವ್ವ ಅವರ ಮುಖವನ್ನೇ ನೋಡಿದಳು. "ಬರ್ತೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

"ನನಗೊಬ್ಬನಿಗೆ ಅಲ್ಲ ಮಾರಾಯ್ತಿ, ಊರಿಗೇ ಗೊತ್ತುಂಟು. ಅಲ್ಲಿ ಪ್ರತಿ ಮಳೆಗಾಲ ಕಡಲು ಕೊರೆಯುತ್ತದೆ. ಉಳಿಯುವ ಜಾಗ ಆಗಿದ್ದರೆ ಜನ ಬಿಡುತ್ತಿದ್ದರಾ? ಇವತ್ತು ಒಂದು, ನಾಳೆ ಹತ್ತು, ಆಮೇಲೆ ನಿಮ್ಮದೇ ಒಂದು ಸ್ಮಶಾನ. ಗಲಾಟೆ ಆಗುತ್ತಿತ್ತು. ನಿನ್ನ ಒಳ್ಳೆಯದಕ್ಕೇ ನಾನು ಹೇಳಿದ್ದು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಒಳ್ಳೆಯದನ್ನೇ ಮಾಡಿದೆ ಎಂಬ ನಂಬಿಕೆ ಅವರ ಮುಖದಲ್ಲಿ ಸ್ಪಷ್ಟವಾಗಿತ್ತು. ಯಂಕವ್ವನಿಗೆ ಹೊಟ್ಟೆ ಉರಿದದ್ದು ಅದಕ್ಕೇ. ಹೊರಗೆ ಅಕ್ಕು ನಿಂತಿದ್ದಳು. ಅವಳನ್ನು ಏನೂ ಕೇಳಬೇಕಾಗಲಿಲ್ಲ. ಅಕ್ಕು ತಲೆ ತಗ್ಗಿಸಿದಳು.

ಆಗಸ್ಟಿನಲ್ಲಿ ಬೋಟುಗಳು ಅದೇ ಕಡಲಿಗೆ ಇಳಿದವು. ಯಂಕವ್ವ ಬುಟ್ಟಿ ಹೊತ್ತಳು, ಹೊರದೆ ಹೊಟ್ಟೆ ನಡೆಯುವುದಿಲ್ಲ. ಮೀನು ತಿನ್ನುವುದನ್ನು ಮಾತ್ರ ಬಿಟ್ಟಳು.

ಮಹಾನವಮಿ ಅಮಾವಾಸ್ಯೆಯ ದಿನ, ಮೊದಲೇ ಹೇಳಿಕಳಿಸಿದ್ದಂತೆ, ತಿಮ್ಮಣ್ಣನ ತಮ್ಮ ಭೀಮೇಶ ಊರಿನಿಂದ ಬಂದ. ಕೈಯಲ್ಲಿ ಹೋಳಿಗೆಯ ಡಬ್ಬಿ, ತೆಂಗಿನಕಾಯಿ.

"ಅತ್ತಿಗಿ, ಅಣ್ಣನ್ನ ಎಲ್ಲಿ ಮಣ್ಣು ಮಾಡೀರಿ, ತೋರಸ್ರಿ."

ನಿಜ ಹೇಳಬಹುದಿತ್ತು. ಹೇಳಿದರೆ ಅದು ಬಾದಾಮಿಯವರೆಗೂ ಹೋಗುತ್ತಿತ್ತು: ಗಂಡನನ್ನು ನೀರುಪಾಲು ಮಾಡಿದವಳು. ಆ ಹೆಸರನ್ನೂ ಹೊತ್ತುಕೊಂಡು ಬದುಕುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಭೀಮೇಶನನ್ನು ಹೊಸ ಬೋಟು ಕಟ್ಟುವ ಜಾಗದ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಬೆಳಿಗ್ಗೆಯೇ ಅವಳು ಮರಳನ್ನು ಒಟ್ಟುಮಾಡಿ ಒಂದು ಕಲ್ಲು ನೆಟ್ಟು, ಕುಂಕುಮ ಹಚ್ಚಿ ಇಟ್ಟಿದ್ದಳು.

ಭೀಮೇಶ ಎಡೆ ಇಟ್ಟು, ಕಾಯಿ ಒಡೆದು, ಉದ್ದಕ್ಕೆ ಬಿದ್ದು ನಮಸ್ಕರಿಸಿ ಗಳಗಳನೆ ಅತ್ತ. ಕಣ್ಣೊರೆಸಿಕೊಂಡು ಸುತ್ತ ನೋಡಿದ.

"ಜಾಗಾ ಚಲೋ ಐತಿ ಅತ್ತಿಗಿ. ಈ ಊರ ಮಂದಿ ಭಾಳ ಒಳ್ಳೇವ್ರು ಬಿಡ್ರಿ."

"ಹೂಂ," ಎಂದಳು ಯಂಕವ್ವ. ಭೀಮೇಶ ನೋಡುತ್ತಿದ್ದನೆಂದು ತಾನೂ ಬಗ್ಗಿ, ಒಳಗೆ ಯಾರೂ ಇಲ್ಲದ ಆ ಮರಳಿಗೆ ಹಣೆ ಹಚ್ಚಿದಳು.