ಮರಿ ಟ್ರ್ಯಾಕ್ಟರಿಗೆ ನಾನಿಟ್ಟ ಬೊಟ್ಟು

ಆಗೆಲ್ಲ ನಮಗೆ ದಸರಾ ರಜೆ ಅಂದರೆ ಹರಿಹರದ ತೋಟ. ದಾವಣಗೆರೆಯ ಸರಸ್ವತಿ ನಗರದ ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಬಸ್ಸು ಹತ್ತಿದರೆ, ರೊಟ್ಟಿಯ ಬಿಸಿ ಆರುವುದರೊಳಗೆ ಹೊಳೆದಂಡೆಯ ಪೇರಲ ಗಿಡಗಳ ನಡುವೆ ಇರುತ್ತಿದ್ದೆವು. ನಿಮಗೂ ಇಂಥದ್ದೊಂದು ತೋಟ ಇದ್ದಿರಬಹುದು, ಇಲ್ಲದಿದ್ದರೆ ಅಜ್ಜಿಯ ಊರಾದರೂ ಇದ್ದಿರುತ್ತದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ನಾನು ಆರನೇ ಕ್ಲಾಸಿನಲ್ಲಿದ್ದೆ. ಹಣ್ಣಾದ ಪೇರಲ, ಡೀಸೆಲ್, ಪೇಪರಿನಲ್ಲಿ ಸುತ್ತಿದ ಖಾರದ ಮಂಡಕ್ಕಿ, ಈ ಮೂರರ ವಾಸನೆ ಒಟ್ಟಿಗೆ ಮೂಗಿಗೆ ಬಂದರೆ ಈಗಲೂ ನನಗೆ ಅಳು ಬರುತ್ತದೆ. ಡೀಸೆಲ್ ವಾಸನೆಗೆ ಅಳುವ ಹೆಂಗಸನ್ನು ಎಲ್ಲೂ ನೋಡಿಲ್ಲ ಅಂತ ನನ್ನ ಗಂಡ ನಗುತ್ತಾರೆ.

ತೋಟ ನೋಡಿಕೊಳ್ಳುತ್ತಿದ್ದವನು ಪರಮೇಶ ಚಿಕ್ಕಪ್ಪ, ಅಪ್ಪನ ಒಬ್ಬನೇ ತಮ್ಮ. ಅಪ್ಪನಿಗೆ ದಾವಣಗೆರೆ ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ಚಿಕ್ಕಪ್ಪನನ್ನು ಅಲ್ಲಿ ಕೂರಿಸಿದರೆ ಮುಳ್ಳಿನ ಮೇಲೆ ಕೂತ ಹಾಗೆ ಆಡುತ್ತಿದ್ದ. ಗಿರಾಕಿ ಸೀರೆ ಕೇಳುತ್ತಿದ್ದರೆ ಇವನ ಕಿವಿ ಫ್ಯಾನಿನ ಮೇಲೆ. "ಇದರ ಬೇರಿಂಗ್ ಹೋಗೈತೆ ಅಣ್ಣಾ" ಅಂತ ಸ್ಟೂಲು ಹತ್ತಿಬಿಡುತ್ತಿದ್ದ.

ಆ ವರ್ಷ ಅವನು ಮುಚ್ಚಿಹೋದ ನರ್ಸರಿಯೊಂದರಿಂದ ಹಳೆಯ ಪುಟ್ಟ ಟ್ರ್ಯಾಕ್ಟರ್ ತಂದಿದ್ದ. ದೊಡ್ಡ ಟ್ರ್ಯಾಕ್ಟರು ಪೇರಲ ಕೊಂಬೆಗಳ ಕೆಳಗೆ ನುಗ್ಗುತ್ತಿರಲಿಲ್ಲ, ಇದು ಸಲೀಸಾಗಿ ಸಾಲಿನ ನಡುವೆ ಓಡಾಡುತ್ತಿತ್ತು. ನಾನು ಅದಕ್ಕೆ ಮರಿ ಟ್ರ್ಯಾಕ್ಟರ್ ಅಂತ ಹೆಸರಿಟ್ಟಿದ್ದೆ. ಅಪ್ಪನಿಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ದೀಪಾವಳಿ ಒಳಗೆ ತೋಟ ಉತ್ತು ಬದನೆ ಸಸಿ ನೆಡು. ಆಗ್ಲಿಲ್ಲ ಅಂದ್ರೆ ಈ ಆಟದ ಸಾಮಾನು ಮಾರಿ, ಸುಮ್ನೆ ಅಂಗಡೀಗೆ ಬಾ" ಅಂದಿದ್ದ.

"ಆಗ್ಲಿ ಅಣ್ಣಾ" ಅಂದಿದ್ದ ಚಿಕ್ಕಪ್ಪ. ಅವನಿಗೆ ಅಷ್ಟು ನಂಬಿಕೆ ಇತ್ತು.

ಆಯುಧ ಪೂಜೆಯ ದಿನ ಗಾಡಿಯನ್ನು ಹೊಳೆ ನೀರಿನಲ್ಲಿ ತೊಳೆದು, ಚೆಂಡುಹೂವಿನ ಹಾರ ಹಾಕಿದೆವು. "ವಿಭೂತಿ ನೀನೇ ಹಚ್ಚು ಸುಮೀ, ಹೆಣ್ಣುಮಗಳ ಕೈ" ಅಂತ ಚಿಕ್ಕಪ್ಪ ತಟ್ಟೆ ಕೊಟ್ಟ. ನಾನು ಜಂಬದಿಂದ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಚಕ್ರಕ್ಕೆ, ಬಾನೆಟ್ಟಿಗೆ, ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ದಪ್ಪಗೆ ಮೂರು ಬೆರಳೆಳೆದೆ. ಮುಚ್ಚಳದ ನಟ್ಟನಡುವೆ ಒಂದು ಸಣ್ಣ ತೂತಿತ್ತು. ಬೊಟ್ಟು ಇಡಲೆಂದೇ ಮಾಡಿರಬೇಕು ಅಂದುಕೊಂಡು, ಕುಂಕುಮ ಕಲಸಿ ಉಂಗುರ ಬೆರಳಿನಿಂದ ಅಲ್ಲಿ ಒತ್ತಿ ಇಟ್ಟೆ. ಹಣೆ ಹಾಗೆ ಚೆಂದ ಕಂಡಿತು.

ಎರಡು ದಿನ ಬಿಟ್ಟು ಉಳಲು ಇಳಿಸಿದಾಗ ಕಾಟ ಶುರುವಾಯಿತು. ಎಂಜಿನ್ ಚಾಲೂ ಆಗುತ್ತಿತ್ತು, ಹತ್ತು ನಿಮಿಷ ಚೆನ್ನಾಗಿ ಓಡುತ್ತಿತ್ತು. ಆಮೇಲೆ ಎಷ್ಟು ರೇಸ್ ಕೊಟ್ಟರೂ ಏರದೆ, ಜ್ವರ ಬಂದ ಕೂಸಿನ ಹಾಗೆ ಮುಲುಗುತ್ತಾ ಕೂರುತ್ತಿತ್ತು. ನೇಗಿಲು ನೆಲಕ್ಕೆ ಊರಿದರೆ ಸಾಕು, ಸತ್ತೇ ಹೋಗುತ್ತಿತ್ತು.

ಚಿಕ್ಕಪ್ಪ ಗಾಳಿಯ ಫಿಲ್ಟರ್ ಬಿಚ್ಚಿ ತೊಳೆದ. ಮತ್ತೆ ಚಾಲೂ ಮಾಡಿದರೆ ಸೊಗಸಾಗಿ ಏರಿತು. "ಸಿಕ್ತು ನೋಡು ಕಳ್ಳ!" ಅಂತ ಕುಣಿದುಬಿಟ್ಟ. ಹತ್ತು ನಿಮಿಷಕ್ಕೆ ಮತ್ತೆ ಅದೇ ಮುಲುಗಾಟ. ಮರುದಿನ ಡೀಸೆಲ್ ಫಿಲ್ಟರ್ ಬದಲಾಯಿಸಿದ, ಅದರ ಮಾರನೇ ದಿನ ಪೈಪು ಊದಿದ. ಪ್ರತಿ ಸಲವೂ ಎಂಜಿನ್ ಹತ್ತು ನಿಮಿಷ ನಮ್ಮನ್ನು ನಂಬಿಸುತ್ತಿತ್ತು. ಆ ಹತ್ತು ನಿಮಿಷ ನಾವಿಬ್ಬರೂ ಅದರ ಸದ್ದು ಕೇಳುತ್ತಾ ನಿಲ್ಲುತ್ತಿದ್ದೆವು. ಬುತ್ತಿಯ ರೊಟ್ಟಿ ಇರುವೆ ಪಾಲಾಗುತ್ತಿತ್ತು.

ಹರಿಹರದ ಹಳೆಯ ಫಿಟ್ಟರ್ ಖಾದರಣ್ಣನನ್ನೂ ಕರೆದುಕೊಂಡು ಬಂದ. ಅವರು ಸೈಲೆನ್ಸರಿನ ಹೊಗೆ ನೋಡಿ, "ಹೊಗೇನೇ ಇಲ್ಲರೀ ಪರಮೇಶಣ್ಣ. ಇದಕ್ಕೆ ಡೀಸೆಲ್ ಸಾಲ್ತಿಲ್ಲ, ಎಲ್ಲೋ ತಡೀತಾ ಐತೆ" ಅಂದರು. ಅಷ್ಟು ಹತ್ತಿರ ಬಂದಿದ್ದರು. ನಾಝಲ್ ಬಿಚ್ಚಿ ಒರೆಸಿ ಕೂರಿಸಿದರು, ಗಾಡಿ ಗರ್ಜಿಸಿತು, ಚಹಾ ಕುಡಿದು ಸೈಕಲ್ ಹತ್ತಿದರು. ಅವರ ಸೈಕಲ್ಲು ರಸ್ತೆಗೆ ಸೇರುವಷ್ಟರಲ್ಲಿ ಎಂಜಿನ್ ಮತ್ತೆ ಕುಸಿದಿತ್ತು. ಚಿಕ್ಕಪ್ಪ ಕೂಗಿ ಕರೆಯಲೂ ಇಲ್ಲ.

ಇಷ್ಟಾದರೂ ಯಾರೂ ಟ್ಯಾಂಕಿನ ಮುಚ್ಚಳದ ಕಡೆ ನೋಡಲಿಲ್ಲ. ಚಿಕ್ಕಪ್ಪ ದಿನಾ ಬಟ್ಟೆಯಿಂದ ಗಾಡಿ ಒರೆಸುತ್ತಿದ್ದ, ಆದರೆ ದೇವರ ವಿಭೂತಿ ಅಳಿಸಬಾರದು ಅಂತ ಅದರ ಸುತ್ತಲೇ ಒರೆಸುತ್ತಿದ್ದ.

ದೀಪಾವಳಿಗೆ ನಾಲ್ಕು ದಿನ ಇತ್ತು. ತೋಟದಲ್ಲಿ ಎರಡು ಸಾಲು ಕೂಡ ಉತ್ತಿರಲಿಲ್ಲ, ಮಡಿಯಲ್ಲಿ ಬದನೆ ಸಸಿ ಬಲಿತು ಹೋಗುತ್ತಿದ್ದವು. ಹೊನ್ನಾಳಿ ಕಡೆಯ ರೈತರೊಬ್ಬರು ಅಂಗಡಿಗೆ ಬಂದಾಗ ಅಪ್ಪ ಗಾಡಿ ಕೊಡುತ್ತೇನೆ ಅಂತ ಮಾತು ಕೊಟ್ಟು, ಎಲೆ ಅಡಿಕೆ ಬದಲಾಯಿಸಿಯೇ ಬಿಟ್ಟ. ಭಾನುವಾರ ಬಂದು ಒಯ್ಯುವುದು ಅಂತಾಯಿತು.

ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟವಳೇ ನಾನು ಚಿಕ್ಕಪ್ಪನ ಜೊತೆ ತೋಟಕ್ಕೆ ಹೋದೆ. ಅವನು ಆಗಲೂ ರಿಪೇರಿ ಬಿಟ್ಟಿರಲಿಲ್ಲ. "ನಾಳೆ ಹೋಗೋದನ್ನ ಯಾಕ ರಿಪೇರಿ ಮಾಡ್ತೀ?" ಅಂದೆ. "ಕೆಟ್ಟ ಗಾಡಿ ಇನ್ನೊಬ್ಬರ ತಲೆಗೆ ಕಟ್ಟಬಾರ್ದವ್ವ" ಅಂದ. ಎಂಜಿನ್ ಮುಲುಗುತ್ತಿತ್ತು, ರೇಸ್ ಪೂರ್ತಿ ಎಳೆದೇ ಇತ್ತು. "ಟ್ಯಾಂಕಲ್ಲಿ ಡೀಸೆಲ್ ಎಷ್ಟೈತೆ ನೋಡು ಸುಮೀ" ಅಂದ.

ನಾನು ಮುಚ್ಚಳ ತಿರುವಿದೆ. ಟ್ಯಾಂಕು ಸುಯ್ಯೆಂದು ಗಾಳಿ ಎಳೆದುಕೊಂಡಿತು. ಎರಡು ಕ್ಷಣ ಕಳೆದು ಎಂಜಿನ್ ತಾನಾಗಿಯೇ ಎದ್ದು ತೋಟವೆಲ್ಲ ನಡುಗುವಂತೆ ಗರ್ಜಿಸಿತು. ನಾನು ಹೆದರಿ ಮುಚ್ಚಳ ಕೈಬಿಟ್ಟೆ.

ಚಿಕ್ಕಪ್ಪ ಮುಚ್ಚಳ ಎತ್ತಿಕೊಂಡು ಬಾಯಿಗಿಟ್ಟು ಊದಿದ. ಗಾಳಿ ದಾಟಲಿಲ್ಲ. ನನ್ನ ಲಂಗದ ಪಿನ್ನು ಕೇಳಿ ತೆಗೆದುಕೊಂಡು ಆ ತೂತಿಗೆ ಚುಚ್ಚಿದ. ಗಟ್ಟಿಯಾದ ಕುಂಕುಮ, ಕಾಳಿನಷ್ಟು, ಅವನ ಅಂಗೈ ಮೇಲೆ ಬಿತ್ತು. ಟ್ಯಾಂಕಿನೊಳಗೆ ಗಾಳಿ ಹೋಗದೆ ಡೀಸೆಲ್ ಕೆಳಗಿಳಿಯುತ್ತಿರಲಿಲ್ಲ. ಅವನು ಎಂಜಿನ್ ನಿಲ್ಲಿಸಿ ಏನಾದರೂ ಬಿಚ್ಚುತ್ತಾ ಕೂತಷ್ಟು ಹೊತ್ತು ಗಾಳಿ ನಿಧಾನಕ್ಕೆ ಒಂದಿಷ್ಟು ಒಳಗೆ ನುಸುಳಿ, ಹತ್ತು ನಿಮಿಷದ ಆಟ ನಡೆಯುತ್ತಿತ್ತು, ಅಷ್ಟೇ. ಅವನು ಕುಂಕುಮ ನೋಡಿದ, ನನ್ನನ್ನು ನೋಡಿದ. ನನಗೆ ಎಲ್ಲ ಗೊತ್ತಾಗಿ ಅಳು ಒತ್ತರಿಸಿ ಬಂತು.

"ಅಳಬ್ಯಾಡ. ಬಾ, ಅಣ್ಣಂಗೆ ಹೇಳೋಣ, ಸರಿ ಹೋತು ಅಂತ" ಅಂದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಮುಖ ಅರಳಿಯೇ ಇತ್ತು.

ಸಂಜೆ ಅಪ್ಪ ಪಡಸಾಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ. "ಮುಚ್ಚಳದ ತೂತಿಗೆ ಕುಂಕುಮ ಮೆತ್ತಿದ್ದು ಯಾರು?" ಅಂದ. ನಾನು ಅವ್ವನ ಸೆರಗು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ.

"ನಾನೇ ಅಣ್ಣಾ" ಅಂದ ಚಿಕ್ಕಪ್ಪ.

"ಭೇಷ್! ಒಂದು ಪೂಜೆ ಮಾಡಾಕೂ ನೆಟ್ಟಗೆ ಬರಲ್ಲ, ತೋಟ ಮಾಡ್ತಾನಂತೆ."

"ಈಗ ಸರಿ ಐತಲ್ಲಣ್ಣಾ. ಎರಡೇ ದಿನ ಕೊಡು, ಪೂರ್ತಿ ಉಳ್ತೀನಿ."

ಅಪ್ಪ ಮೆತ್ತಗೆ ಅಂದ: "ಎಲೆ ಅಡಿಕೆ ಬದಲಾಗೈತೆ ಪರಮೇಶ. ಕೊಟ್ಟ ಮಾತು ಹೆಂಗೆ ವಾಪಸ್ ತಗೊಳ್ಳಲಿ?"

ಬೊಟ್ಟು ಇಟ್ಟವಳು ನಾನು ಅನ್ನಬೇಕಿತ್ತು. ಅಂದಿದ್ದರೆ ಅಪ್ಪ ಕರಗುತ್ತಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ಬಾಯಿ ಬಿಡಲಿಲ್ಲ.

ಭಾನುವಾರ ಹೊನ್ನಾಳಿಯವರು ಬಂದರು. ಚಿಕ್ಕಪ್ಪ ಮುಚ್ಚಳ ತೋರಿಸಿ, "ಈ ತೂತು ಮುಚ್ಚದಂಗೆ ನೋಡ್ಕೊಳ್ರಿ, ಬೇರೇನೂ ಇಲ್ಲ" ಅಂದ. ತಾನೇ ಓಡಿಸಿ ಲಾರಿಗೆ ಹತ್ತಿಸಿದ. "ಏನ್ ದನಿರೀ ಇದಕ್ಕೆ!" ಅಂತ ಅವರು ಖುಷಿಪಟ್ಟರು. ಮರುದಿನ ಚಿಕ್ಕಪ್ಪ ಎಣ್ಣೆ ಜಿಡ್ಡು ಹೋಗಲೆಂದು ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿಗೆ ಹೋದ. ಇಪ್ಪತ್ತೈದು ವರ್ಷ ಅಲ್ಲೇ ಸೀರೆ ಮಡಚಿದ.

ತೋಟ ಈಗ ಸೈಟುಗಳಾಗಿ ಮನೆಗಳೆದ್ದಿವೆ. ಅದಕ್ಕೆ ನನಗೆ ಅಂಥ ದುಃಖವಿಲ್ಲ. ದುಃಖ ಬೇರೆಯದು. ಪ್ರತಿ ವರ್ಷ ಅಂಗಡಿ ಪೂಜೆಯಲ್ಲಿ ಅಪ್ಪ ಎಲ್ಲರ ಎದುರು, "ಕುಂಕುಮದ ತಟ್ಟೆ ಪರಮೇಶನ ಕೈಗೆ ಕೊಡಬ್ಯಾಡ್ರಪ್ಪ, ಬೀಗದ ತೂತೂ ಮುಚ್ಚಿಬಿಡ್ತಾನೆ" ಅನ್ನುತ್ತಿದ್ದ. ಜನ ನಗುತ್ತಿದ್ದರು, ಚಿಕ್ಕಪ್ಪನೂ ನಗುತ್ತಿದ್ದ. ಒಂದು ಸಲವೂ ಅವನು ನನ್ನ ಕಡೆ ತಿರುಗಿ ನೋಡಲಿಲ್ಲ.

ಹೋದ ವರ್ಷ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ಹಾಸಿಗೆ ಪಕ್ಕ ನಾನೊಬ್ಬಳೇ ಇದ್ದೆ. ಇವತ್ತು ಹೇಳಿಯೇ ಬಿಡುತ್ತೇನೆ ಅಂತ "ಅಪ್ಪಾ" ಅಂದೆ. ಅಷ್ಟರಲ್ಲಿ ಚಿಕ್ಕಪ್ಪ ಗಂಜಿ ಡಬ್ಬಿ ಹಿಡಿದು ಒಳಬಂದ. ಅಪ್ಪ ಕಷ್ಟಪಟ್ಟು ಕಣ್ಣು ತೆರೆದು, "ಡಬ್ಬಿ ಮುಚ್ಚಳ ತೆಗೆಯಾಕೆ ಬರ್ತೈತೇನೋ, ಇಲ್ಲಾ ಅದಕ್ಕೂ ಕುಂಕುಮ ಮೆತ್ತೀಯಾ?" ಅಂತ ನಕ್ಕ. ಚಿಕ್ಕಪ್ಪನೂ ನಕ್ಕ.

ನಾನೂ ನಕ್ಕುಬಿಟ್ಟೆ. ಮೂರನೇ ದಿನಕ್ಕೆ ಅಪ್ಪ ಹೋದ.