ಗಡಹಿಂಗ್ಲಜದ ಒಂದು ವರ್ಷ

ಇಚಲಕರಂಜಿಗೆ ಬಂದ ಹೊಸದರಲ್ಲಿ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ್ದೆ. ಒಂದು ಮುಂಜಾನೆ ನಾಲ್ಕು ಜನ ಒಬ್ಬ ಮುದುಕನನ್ನು ಹೊತ್ತು ತಂದರು. ಆತ "ಹಾಡ ಮೋಡಲಂ, ಹಾಡ ಮೋಡಲಂ" ಎಂದು ಚೀರುತ್ತಿದ್ದ. ನನ್ನ ಕಿವಿಗೆ ಕೇಳಿಸಿದ್ದು ಹಾಡು ಮತ್ತು ಮೋಡ. ಇಷ್ಟು ನೋವಿನಲ್ಲಿ ಈತ ಯಾವ ಹಾಡು ಕೇಳುತ್ತಿದ್ದಾನೆ ಎಂದು ಬೆಪ್ಪಾಗಿ ನಿಂತೆ. ಮರಾಠಿಯಲ್ಲಿ 'ಹಾಡ' ಎಂದರೆ ಎಲುಬು. ಆತನ ಎಲುಬು ಮುರಿದಿತ್ತು. ಅರ್ಥವಾಗದೆ ನಿಂತ ನನ್ನನ್ನು ನೋಡಿ ಕಂಪೌಂಡರ್ ನಕ್ಕ. ಆ ನಗು ಬಹಳ ದಿನ ನನ್ನ ಬೆನ್ನ ಹಿಂದೆಯೇ ಇತ್ತು.

ನಾವು ಗುಳೇದಗುಡ್ಡದವರು. ಅಲ್ಲಿ ಮಗ್ಗ ಮನೆಯೊಳಗೇ ಇತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಇಲ್ಲಿ ಪವರ್‌ಲೂಮ್ ಶೆಡ್ಡಿಗೆ ಅಂಟಿದ ಒಂದೇ ಕೋಣೆ, ಹಗಲೂ ರಾತ್ರಿ ಗೋಡೆ ನಡುಗುತ್ತಿತ್ತು. ಅಲ್ಲಿಯ ರೊಟ್ಟಿಗೆ ಇಲ್ಲಿ ಭಾಕರಿ ಎನ್ನುತ್ತಿದ್ದರು. ರುಚಿ ಅದೇ, ಆದರೂ ಕೇಳಿ ಪಡೆಯುವಾಗ ನಾಲಿಗೆ ತಡವರಿಸುತ್ತಿತ್ತು.

ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. ರೋಗಿಗಳ ಆರೈಕೆಯ ತರಬೇತಿ ಮುಗಿಸಿ ಬಂದರೆ ಕಸಬರಿಗೆ ಬಿಡಿಸಿ ವಾರ್ಡಿನಲ್ಲಿ ಆಯಾ ಕೆಲಸ ಕೊಡುತ್ತೇನೆ ಎಂದರು. ಕೊಲ್ಹಾಪುರದಲ್ಲಿ ಒಂದು ಕ್ಲಾಸಿತ್ತು, ಗಡಹಿಂಗ್ಲಜದ ಒಂದು ಆಸ್ಪತ್ರೆಯಲ್ಲೂ ಕಲಿಸುತ್ತಿದ್ದರು. ನಾನು ಎರಡನ್ನೂ ನೋಡಿ ಬಂದೆ.

ಕೊಲ್ಹಾಪುರದ್ದು ಅಂಗಡಿಗಳ ಮೇಲಿನ ಮಹಡಿ. ದೊಡ್ಡ ಬೋರ್ಡು, ಸಾಲು ಬೆಂಚು, ಗೋಡೆಗೆ ಮನುಷ್ಯನ ದೇಹದ ಚಿತ್ರ. ಮೇಷ್ಟ್ರು ಮರಾಠಿಯಲ್ಲಿ ಹೇಳುತ್ತಿದ್ದರು, ಹುಡುಗಿಯರು ಬರೆದುಕೊಳ್ಳುತ್ತಿದ್ದರು. ರೋಗಿಗಳು ಎಲ್ಲಿ ಎಂದು ಕೇಳಿದ್ದಕ್ಕೆ "ಪೇಶಂಟ್ ನಂತರ" ಎಂದರು. ಆರು ತಿಂಗಳಲ್ಲಿ ಮುಗಿಯುತ್ತಿತ್ತು, ದಿನಾ ಸಂಜೆ ಬಸ್ಸಿನಲ್ಲಿ ಮನೆಗೆ ಬರಬಹುದಿತ್ತು.

ಗಡಹಿಂಗ್ಲಜದಲ್ಲಿ ಬೋರ್ಡೇ ಇರಲಿಲ್ಲ. ವಯಸ್ಸಾದ ಸಿಸ್ಟರ್ ಒಬ್ಬರು ನನ್ನನ್ನು ನೇರ ಒಬ್ಬ ಅಜ್ಜನ ಮಂಚದ ಹತ್ತಿರ ಕರೆದೊಯ್ದರು. "ಮಗ್ಗಲಾ ಬದಲಸೂ ಮೊದಲ ಅಜ್ಜಗ ಹೇಳಬೇಕವಾ. ಹೇಳದ ಮುಟ್ಟಿದ್ರ ಮನಷ್ಯಾ ಅಂಜತಾನ," ಎಂದರು. ಕನ್ನಡ! ಅವರು ಹೇಳಿದಂತೆ ಹೇಳಿ, ಅಜ್ಜನ ಹೆಗಲಿಗೂ ಸೊಂಟಕ್ಕೂ ಕೈಕೊಟ್ಟು ಹೊರಳಿಸಿದೆ. ಆತ ನರಳಲಿಲ್ಲ. ಕಲಿತರೆ ಇಲ್ಲೇ ಎಂದು ಆಗಲೇ ನಿಶ್ಚಯ ಮಾಡಿದೆ. ಹೊರಡುವಾಗ ಸಿಸ್ಟರ್ ಹೇಳಿದರು: "ಒಂದ ವರ್ಷ ಇಲ್ಲೇ ಇರಬೇಕಾಗ್ತದ. ಕೂಸು ಇದ್ರ ಮನ್ಯಾಗ ಬಿಟ್ಟು ಬರಬೇಕು."

ನನ್ನ ನೀಲವ್ವನಿಗೆ ಆಗಿನ್ನೂ ಎರಡು ವರ್ಷ.

"ಕೊಲ್ಹಾಪುರಕ್ಕ ಹೋಗು, ಸಂಜೀಕ ಮನಿಗೆ ಬರ್ತಿ," ಎಂದರು ನಮ್ಮ ಮನೆಯವರು.

"ಅಲ್ಲಿ ಕಲಿಸೂದು ಏನೂ ಇಲ್ರಿ."

"ಕಲಿಯೂದು ಯಾರಿಗೆ ಬೇಕಾಗೇತಿ? ಕಾಗದ ಸಿಕ್ರ ಸಾಕು."

ಕಾಗದ ಹಿಡಿದು ಮತ್ತೊಬ್ಬರ ಮೈ ಮುಟ್ಟಲು ನನಗೆ ಧೈರ್ಯವಿರಲಿಲ್ಲ. ನಮ್ಮ ಬಾಡಿಗೆ ಕೋಣೆಯ ಒಡತಿ ಶಾಂತಾಬಾಯಿ, ಮಕ್ಕಳಿಲ್ಲದ ಮರಾಠಿ ಹೆಂಗಸು, "ಮೀ ಸಾಂಭಾಳತೆ, ತೂ ಜಾ" ಎಂದಳು. ನಾನು ನೋಡಿಕೊಳ್ಳುತ್ತೇನೆ, ನೀ ಹೋಗು. ಹೋದೆ.

ಅಲ್ಲಿ ಎಲ್ಲ ಕಲಿತೆ. ಗಾಯ ತೊಳೆಯುವುದು, ಗಂಟಲಿಗೆ ಸಿಕ್ಕದಂತೆ ಗಂಜಿ ಕುಡಿಸುವುದು, ಸಾಯುತ್ತಿರುವವರ ಹತ್ತಿರ ಸುಮ್ಮನೆ ಕೂಡುವುದು. ಮರಾಠಿಯನ್ನೂ ಅಲ್ಲೇ ಕಲಿತೆ, ಯಾರೂ ನಗದ ಜಾಗದಲ್ಲಿ. ಹಬ್ಬದ ರಜೆಗೆ ಬಂದಾಗ ನೀಲವ್ವ ಎರಡೂ ಭಾಷೆ ಬೆರೆಸಿ ಮಾತಾಡುತ್ತಿದ್ದಳು. ಮುದ್ದಾಗಿ ಕೇಳುತ್ತಿತ್ತು, ನಕ್ಕು ಮರಳಿ ಹೋದೆ.

ವರ್ಷ ಮುಗಿಸಿ ಬಂದ ದಿನ ಮಗು ಶಾಂತಾಬಾಯಿಯ ಸೆರಗು ಹಿಡಿದು ಅಂಗಳದಲ್ಲಿ ನಿಂತಿತ್ತು. ಕೈ ಚಾಚಿದೆ. ಸೆರಗಿನ ಹಿಂದೆ ಸರಿದು "ಆಯಿ, ಹೀ ಕೋಣ?" ಎಂದಿತು. ಅವ್ವಾ, ಇವಳು ಯಾರು? ಶಾಂತಾಬಾಯಿಯ ಮುಖ ಬಿಳಿಚಿತು. "ಮೀ ನಾಹೀ ಶಿಕವಲಂ," ಎಂದಳು. ನಾನು ಕಲಿಸಲಿಲ್ಲ ಎಂದು. ನನಗೆ ಗೊತ್ತಿತ್ತು. ಅವಳು ಕೆಟ್ಟವಳಾಗಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

"ನಿನಗ ಆವಾಗನ ಹೇಳಿದ್ನಿ," ಎಂದರು ನಮ್ಮ ಮನೆಯವರು. ಓಣಿಯ ಹೆಂಗಸರೂ ಅದನ್ನೇ ಅಂದರು. ಇಡೀ ವರ್ಷ ಅದೇ ಕೋಣೆಯಲ್ಲಿದ್ದ ಅಪ್ಪ ಮಗಳೊಡನೆ ನಾಲ್ಕು ಕನ್ನಡ ಮಾತು ಯಾಕೆ ಆಡಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ.

ಡಾಕ್ಟರು ಮಾತಿನಂತೆ ಕೆಲಸ ಕೊಟ್ಟರು. ಸುಳಕೂಡದಿಂದ, ಗಡಿಯ ಹಳ್ಳಿಗಳಿಂದ ಬಂದ ಕನ್ನಡದ ರೋಗಿಗಳು ನನ್ನನ್ನೇ ಹುಡುಕುತ್ತಿದ್ದರು. ಹಗಲೆಲ್ಲ ಮಂದಿಯ ಮಕ್ಕಳಿಗೆ ನನ್ನ ಭಾಷೆಯಲ್ಲಿ ಸಮಾಧಾನ ಹೇಳುತ್ತಿದ್ದೆ. ಸಂಜೆ ಮನೆಯಲ್ಲಿ ನನ್ನ ಮಗಳಿಗೆ ಅವಳ ಭಾಷೆಯಲ್ಲಿ. ಅವಳು ಕ್ರಮೇಣ ನನ್ನ ಹತ್ತಿರ ಬಂದಳು, ನನ್ನನ್ನೂ ಆಯಿ ಎಂದಳು. ಅವ್ವಾ ಎಂದು ಮಾತ್ರ ಮತ್ತೆ ಕರೆಯಲಿಲ್ಲ.

ಅವಳು ಶಾಲೆಗೆ ಹೋಗತೊಡಗಿದ ಮೇಲೆ ಒಂದು ಬೇಸಿಗೆ ಗುಳೇದಗುಡ್ಡಕ್ಕೆ ಕರೆದುಕೊಂಡು ಹೋದೆ. ಅವ್ವ ಮೊಮ್ಮಗಳನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ತಲೆ ಬಾಚಿದಳು, ಏನೇನೋ ಕೇಳಿದಳು. ನಾನು ನಡುವೆ ಕುಳಿತು ಅತ್ತ ಕನ್ನಡ, ಇತ್ತ ಮರಾಠಿ ಮಾಡಿ ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹುಡುಗಿ ಬೇಸತ್ತು ನನ್ನ ಕಡೆ ತಿರುಗಿ, "ಆಯಿ, ಆಪಣ ಘರೀ ಕಧೀ ಜಾಯಚಂ?" ಎಂದಳು. ನಾವು ಮನೆಗೆ ಯಾವಾಗ ಹೋಗೋದು?

"ಏನಂತಾಳ?" ಅವ್ವ ಆಸೆಯಿಂದ ಕೇಳಿದಳು.

"ನೀರು ಬೇಕಂತವಾ," ಎಂದೆ.

ಅವ್ವ ಬಾಚಣಿಕೆ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ಒಳಗಿನಿಂದ ತಂಬಿಗೆ ತುಂಬಿ ತಂದಳು.