ನೆಟ್ಟ ಕೂದಲಿನ ಗುಮಾಸ್ತರು

ಅಂಚೆ ಕಚೇರಿಯ ಹಿರಿಯ ಗುಮಾಸ್ತರು ಐವತ್ತೊಂದನೆಯ ವಯಸ್ಸಿನಲ್ಲಿ ಹಿಂದಲೆಯ ಕೂದಲನ್ನು ತೆಗೆಸಿ ಮುಂದಲೆಯಲ್ಲಿ ನೆಡಿಸಿಕೊಂಡವರು. ಅದನ್ನು ಮುಚ್ಚಿಡುವ ಗೋಜಿಗೆ ಮಾತ್ರ ಹೋದವರಲ್ಲ. ಅಗಲ ಹಲ್ಲಿನ ಬಾಚಣಿಗೆಯನ್ನು ಕನ್ನಡಕದ ಡಬ್ಬಿಯಲ್ಲಿ ಜೋಪಾನವಾಗಿಡುತ್ತಾರೆ. ತಲೆಗೆ ನೀರು ಸುರಿಯದೆ, ಸಸಿಗೆಂಬಂತೆ ಬೊಗಸೆಯಲ್ಲಿ ಹನಿಸುತ್ತಾರೆ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಬೈತಲೆ ತೆಗೆಯಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಫ್ಯಾನಿನ ಗಾಳಿ ಆ ಬೈತಲೆಯನ್ನು ಕೆಡಿಸುತ್ತದೆಂದು ಕಚೇರಿಯ ಮೇಜನ್ನೇ ತಿರುಗಿಸಿಕೊಂಡು, ಜನರಿಗೆ ಓರೆಯಾಗಿ ಕುಳಿತು ಮುದ್ರೆ ಒತ್ತುತ್ತಾರೆ. ವೈದ್ಯರು ಮೊದಲೇ ಹೇಳಿದ್ದಂತೆ ನೆಟ್ಟ ಒಂದು ತಿಂಗಳಿಗೆ ಅಷ್ಟೂ ಉದುರಿದಾಗ ಪಕ್ಕದ ಮೇಜಿನವರು, “ಏನ್ ಸಾರ್, ಪೈರು ಕೈಕೊಡ್ತಾ?” ಎಂದರು. “ಬೇರು ಒಳಗಿದೆ ಕಣಯ್ಯಾ! ನಾಲ್ಕು ತಿಂಗಳು ನಾಲಿಗೆ ಬಿಗಿಹಿಡ್ಕೊಂಡಿರು, ಆಮೇಲೆ ನೋಡು,” ಎಂದವರೇ ಟೋಪಿಯನ್ನೂ ಹಾಕಿಕೊಳ್ಳದೆ ಎದೆ ಸೆಟೆಸಿ ನಡೆದರು. “ಈ ವಯಸ್ಸಲ್ಲಿ ಯಾರಿಗೆ ತೋರಿಸ್ಬೇಕು ರೀ?” ಎಂದು ಹೆಂಡತಿ ಕೇಳಿದಾಗ ಮಾತ್ರ ನಿಜ ಹೇಳಿದ್ದರು: “ಅಮ್ಮಂಗೆ.” ಅಪ್ಪನ ಬೋಳುತಲೆಯೇ ಮಗನಿಗೂ ಬಂದಿದ್ದರಿಂದ, ಮರೆವು ಹತ್ತಿದ ತಾಯಿ ಮಗನನ್ನು ತೀರಿಹೋದ ಗಂಡನೆಂದೇ ತಿಳಿದು, “ಊಟ ಆಯ್ತೇನ್ರೀ?” ಎಂದು ಸಂಕೋಚದಿಂದ ಕೇಳುತ್ತಿದ್ದರು. ಹೆತ್ತವಳಿಗೆ ಮಗನಾಗಿ ಉಳಿಯುವ ಹಕ್ಕನ್ನು ಬಿಟ್ಟುಕೊಡಲು ಗುಮಾಸ್ತರು ಸಿದ್ಧರಿರಲಿಲ್ಲ. ಈಗ ದಿನವೂ ತಾಯಿಯ ಮಂಚದೆದುರು, ಕಿಟಕಿಯ ಬೆಳಕಿಗೆ ತಲೆಯೊಡ್ಡಿ ನಿಲ್ಲುತ್ತಾರೆ. ಮೊನ್ನೆ ಆಕೆ ಬಹಳ ಹೊತ್ತು ದಿಟ್ಟಿಸಿ, “ಯಾರಪ್ಪ ನೀನು? ನನ್ನ ಮಗನ ಥರಾನೇ ಇದ್ದೀಯಲ್ಲ!” ಎಂದರು. ಗುಮಾಸ್ತರು ಅಡುಗೆಮನೆಯತ್ತ ತಿರುಗಿ ಹೆಂಡತಿಗೆ ಕೇಳುವಂತೆ ಕೂಗಿದರು: “ಕೇಳಿಸ್ತೇನೇ? ಅರ್ಧ ಗೆದ್ದೆ!”